ಕಡಲ ನೀರು ಕುಡಿದ ಕೀಲಿ: ಮೂರು ಸೆಲ್ ನುಂಗಿದ ಒಂದು ರಿಮೋಟಿನ ಪ್ರಕರಣ

ಪುಶ್ ಬಟನ್ ಸ್ಟಾರ್ಟ್ ಇರುವ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಐದು ವರ್ಷ ಹಳೆಯದು, ಓಡಾಟವೆಲ್ಲ ಉಡುಪಿ–ಮಲ್ಪೆಯ ಆಸುಪಾಸು. ದೂರು ಒಂದೇ ಸಾಲಿನದು: ರಿಮೋಟ್ ಕೀಲಿ ಸತ್ತಿದೆ, ಸೆಲ್ ಬದಲಾಯಿಸಿ ಸಾಕಾಗಿದೆ. ಮೇ ನಡುವಿನಲ್ಲಿ ಕೀಲಿ ಜೇಬಿನಲ್ಲಿದ್ದಂತೆಯೇ ಸಮುದ್ರದ ನೀರಿನಲ್ಲಿ ನೆನೆದಿತ್ತು. ಮನೆಗೆ ಬಂದು ಒರೆಸಿ, ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ತೆಗೆದರೆ ಏನೂ ಆಗದಂತೆ ಕೆಲಸ ಮಾಡಿತು. ಜೂನ್ ಮೊದಲ ವಾರ ಮಳೆ ಹಿಡಿದ ಮೇಲೆ ದೂರದಿಂದ ಲಾಕ್ ಆಗುವುದು ನಿಂತಿತು. ಬಾಗಿಲ ಬಳಿ ಬಂದು ಒತ್ತಬೇಕು. ಹೊಸ ಸೆಲ್ ಹಾಕಿದರೆ ಸರಿಹೋಯಿತು, ಒಂಬತ್ತನೆಯ ದಿನಕ್ಕೆ ಮತ್ತೆ ಅದೇ ಕಥೆ. ಎರಡನೆಯದು ಎಂಟು ದಿನ. ಮೂರನೆಯದು ಒಂದೇ ದಿನ. ಗ್ಯಾರೇಜಿನಲ್ಲಿ ಸಿಕ್ಕ ಉತ್ತರ: ಕೀಲಿಯ ಪ್ರೋಗ್ರಾಮಿಂಗ್ ಅಳಿಸಿಹೋಗಿದೆ, ಹೊಸ ಕೀಲಿಯೇ ದಾರಿ.

ಆ ಉತ್ತರ ತಪ್ಪು. ತಪ್ಪೆಂದು ಗೊತ್ತಾಗಲು ಕೀಲಿಯನ್ನು ಬಿಚ್ಚುವ ಅಗತ್ಯವೂ ಇರಲಿಲ್ಲ.

ಒಂದು ಚಿಪ್ಪಿನೊಳಗೆ ನಾಲ್ಕು ಕೀಲಿ

ಸ್ಮಾರ್ಟ್ ಕೀಲಿ ಎಂದರೆ ಒಂದು ವಸ್ತುವಲ್ಲ. ಒಂದೇ ಪ್ಲಾಸ್ಟಿಕ್ ಚಿಪ್ಪಿನೊಳಗೆ ನಾಲ್ಕು ಬೇರೆಬೇರೆ ಕೀಲಿಗಳು ಕೂತಿವೆ, ಒಂದೊಂದೂ ಬೇರೆ ರೀತಿಯಲ್ಲಿ ಕೆಡುತ್ತದೆ. ಮೊದಲನೆಯದು ಲೋಹದ ಅಲಗು. ಚಿಪ್ಪಿನ ಬದಿಯ ಚಿಲಕ ಎಳೆದರೆ ಹೊರಬರುವ, ಬಾಗಿಲನ್ನಷ್ಟೇ ತೆರೆಯುವ ಹಳೆಯ ಕಾಲದ ಕೀಲಿ. ಎರಡನೆಯದು ಇಮ್ಮೊಬಿಲೈಸರ್ ಟ್ರಾನ್ಸ್‌ಪಾಂಡರ್, ಅಂದರೆ ಎಂಜಿನ್ ಹತ್ತಲು ಕಾರಿನ ಒಪ್ಪಿಗೆ ಪಡೆಯುವ ಗುರುತಿನ ಚೂರು. ಇದಕ್ಕೆ ಸೆಲ್ ಬೇಡ. ಸ್ಟಾರ್ಟ್ ಬಟನ್ನಿನ ಸುತ್ತ ಇರುವ ಸುರುಳಿ 125 ಕಿಲೋಹರ್ಟ್ಸ್‌ನ ಕಾಂತಕ್ಷೇತ್ರ ಹೊಮ್ಮಿಸುತ್ತದೆ, ಕೀಲಿಯೊಳಗಿನ ಸುರುಳಿ ಅದರಿಂದಲೇ ತನಗೆ ಬೇಕಾದ ವಿದ್ಯುತ್ ಪಡೆದು ತನ್ನ ಗುರುತು ಹೇಳುತ್ತದೆ. ಮೂರನೆಯದು ಬಟನ್ ಒತ್ತಿದಾಗ ಹೊರಡುವ ರೇಡಿಯೋ ಸಂಕೇತ. ನಮ್ಮಲ್ಲಿ ಮಾರಾಟವಾಗುವ ಹೆಚ್ಚಿನ ಕಾರುಗಳಲ್ಲಿ 433.92 ಮೆಗಾಹರ್ಟ್ಸ್. ನಾಲ್ಕನೆಯದು ಕೀಲಿ ಜೇಬಿನಲ್ಲಿದ್ದರೆ ಸಾಕು ಬಾಗಿಲು ತೆರೆಯುವ ವ್ಯವಸ್ಥೆ: ಹಿಡಿಯ ಗುಂಡಿ ಮುಟ್ಟಿದಾಗ ಕಾರು ಕಡಿಮೆ ಆವರ್ತನದಲ್ಲಿ ಕೀಲಿಯನ್ನು ಎಬ್ಬಿಸುತ್ತದೆ, ಕೀಲಿ 433.92ರಲ್ಲಿ ಉತ್ತರಿಸುತ್ತದೆ.

ಈ ನಾಲ್ಕರಲ್ಲಿ ಯಾವುದು ಬದುಕಿದೆ, ಯಾವುದು ಸತ್ತಿದೆ ಎಂದು ಕೇಳಿದರೆ ಅರ್ಧ ರೋಗ ಸಿಕ್ಕಿದ ಹಾಗೆ. ಇಲ್ಲಿ ಅಲಗಿನಿಂದ ಬಾಗಿಲು ತೆರೆಯುತ್ತಿತ್ತು. (ಹೀಗೆ ತೆರೆದಾಗ ಕೆಲವು ಕಾರುಗಳಲ್ಲಿ ಅಲಾರಂ ಕಿರುಚುತ್ತದೆ, ಗಾಬರಿ ಬೇಡ, ಗಾಡಿ ಸ್ಟಾರ್ಟ್ ಆದೊಡನೆ ನಿಲ್ಲುತ್ತದೆ.) ಬಟನ್‌ಗಳು ಸತ್ತಿದ್ದವು, ಹಿಡಿಯ ಗುಂಡಿಯೂ ಸ್ಪಂದಿಸುತ್ತಿರಲಿಲ್ಲ, ಒಳಗೆ ಕೂತು ಬ್ರೇಕ್ ಒತ್ತಿ ಸ್ಟಾರ್ಟ್ ಬಟನ್ ಒತ್ತಿದರೆ 'ಕೀ ನಾಟ್ ಡಿಟೆಕ್ಟೆಡ್' ಎಂಬ ಸೂಚನೆ. ಆದರೆ ಕೀಲಿಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿದರೆ ಎಂಜಿನ್ ಹತ್ತುತ್ತಿತ್ತು. ತಾಗಿಸುವ ಜಾಗ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ: ಹ್ಯುಂಡೈ, ಕಿಯಾಗಳಲ್ಲಿ ಕೀಲಿಯಿಂದಲೇ ಬಟನ್ ಒತ್ತಬೇಕು; ಟೊಯೋಟಾದಲ್ಲಿ ಲಾಂಛನ ಇರುವ ಮುಖವನ್ನು ಬಟನ್ನಿಗೆ ತೋರಿಸಬೇಕು; ಇನ್ನು ಕೆಲವುಗಳಲ್ಲಿ ಕೀಲಿ ಇಡಲೆಂದೇ ಒಂದು ಗೂಡು ಇರುತ್ತದೆ. ಕಾರಿನ ಕೈಪಿಡಿಯಲ್ಲಿ ಈ ಪುಟವನ್ನು ಒಮ್ಮೆ ನೋಡಿಟ್ಟುಕೊಂಡವರು ರಾತ್ರಿ ಹನ್ನೊಂದಕ್ಕೆ ಟೋಯಿಂಗ್ ಗಾಡಿ ಕರೆಸಬೇಕಾಗುವುದಿಲ್ಲ.

ಎಂಜಿನ್ ಹತ್ತಿತು ಎಂದರೆ ಕಾರು ಈ ಕೀಲಿಯನ್ನು ಇನ್ನೂ ತನ್ನದೆಂದು ಒಪ್ಪುತ್ತಿದೆ ಎಂದರ್ಥ. ಪ್ರೋಗ್ರಾಮಿಂಗ್ ಅಳಿಸಿಹೋಗಿದೆ ಎಂಬ ಮಾತು ಇಲ್ಲಿಗೇ ಬಿತ್ತು. ಸೆಲ್ ತೆಗೆದರೆ ಕೀಲಿ ಎಲ್ಲ ಮರೆತುಬಿಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಬೆರಳೆಣಿಕೆಯ ಹಳೆಯ ಕಾರುಗಳನ್ನು ಬಿಟ್ಟರೆ ಅದು ನಿಜವಲ್ಲ, ಕೀಲಿಯ ಗುರುತೂ, ಪ್ರತಿ ಒತ್ತಿಗೆ ಒಂದೊಂದಾಗಿ ಏರುವ ಎಣಿಕೆಯೂ ವಿದ್ಯುತ್ ಇಲ್ಲದೆಯೂ ಉಳಿಯುವ ಸ್ಮೃತಿಯಲ್ಲಿರುತ್ತವೆ. ಕಾರಿಂದ ದೂರದಲ್ಲಿ ಮಕ್ಕಳು ಬಟನ್ ಒತ್ತಿ ಆಡಿದರೆ ಎಣಿಕೆ ಮುಂದೆ ಓಡುತ್ತದೆ ನಿಜ. ಕೀಲಾಕ್ ಬಗೆಯ (ಒತ್ತಿದಾಗೆಲ್ಲ ಸಂಕೇತ ಬದಲಾಗುವ) ವ್ಯವಸ್ಥೆಯಲ್ಲಿ ಹದಿನಾರು ಒತ್ತುಗಳವರೆಗೆ ಕಾರು ಮರುಮಾತಿಲ್ಲದೆ ಒಪ್ಪುತ್ತದೆ, ಅದಕ್ಕಿಂತ ಮುಂದೆ ಹೋಗಿದ್ದರೆ ಸಾಲಾಗಿ ಎರಡು ಸಲ ಒತ್ತಿದಾಗ ಹೊಂದಿಸಿಕೊಳ್ಳುತ್ತದೆ. ಎರಡು ಸಲ ಒತ್ತಿದರೂ ಇಲ್ಲಿ ಏನೂ ಆಗಲಿಲ್ಲ.

ಉಳಿದ ಎರಡು ಕೀಲಿಗಳಿಗೆ, ಅಂದರೆ ಬಟನ್ನಿಗೂ ಜೇಬಿನ ವ್ಯವಸ್ಥೆಗೂ, ಎರಡು ವಿಷಯ ಸಾಮಾನ್ಯ: ಸೆಲ್ ಮತ್ತು 433.92ರ ಟ್ರಾನ್ಸ್‌ಮಿಟರ್. ಎರಡೂ ಒಟ್ಟಿಗೆ ಸತ್ತಿರುವುದರಿಂದ ತಪ್ಪು ಅಲ್ಲೆಲ್ಲೋ ಇದೆ, ಇಲ್ಲವೇ ಕಾರಿನ ಕಿವಿಯೇ ಕಿವುಡಾಗಿದೆ.

ಕಾರಿನ ಕಡೆಯ ತಪ್ಪು ಅಲ್ಲವೆಂದು ಖಚಿತ

ಇದಕ್ಕೆ ಹತ್ತು ನಿಮಿಷ ಸಾಕಾಯಿತು. ಐದು ವರ್ಷದಿಂದ ಬೀರುವಿನಲ್ಲಿದ್ದ ಎರಡನೆಯ ಕೀಲಿಗೆ ಮುಚ್ಚಿದ ಪ್ಯಾಕಿನ ಹೊಸ ಸೆಲ್ ಹಾಕಿದಾಗ ಮೂವತ್ತು ಹೆಜ್ಜೆ ದೂರದಿಂದ ಲಾಕ್ ಆಯಿತು. ಕಾರಿನ ರಿಸೀವರ್ ಸರಿಯಿದೆ. ಕಾರಿನ 12 ವೋಲ್ಟ್ ಬ್ಯಾಟರಿ 12.5 ತೋರಿಸಿತು, ಇದು 12ಕ್ಕಿಂತ ಕೆಳಗಿದ್ದರೆ ಕೀಲಿಯ ಮೇಲೆ ಅನುಮಾನ ಪಡುವ ಮೊದಲು ಅದನ್ನು ಚಾರ್ಜ್ ಮಾಡಬೇಕು, ಸೊರಗಿದ ಬ್ಯಾಟರಿಯ ಕಾರು ಸುಳ್ಳು ಸಂದೇಶ ಕೊಡುವುದು ಮಾಮೂಲು. ಡ್ಯಾಶ್‌ಕ್ಯಾಮ್ ಮತ್ತು 12 ವೋಲ್ಟ್ ಸಾಕೆಟ್ಟಿನ ಅಗ್ಗದ ಮೊಬೈಲ್ ಚಾರ್ಜರ್ ಎರಡನ್ನೂ ಕಳಚಿ, ಗಾಡಿಯನ್ನು ರಸ್ತೆಗೆ ತಂದು ಕೆಟ್ಟ ಕೀಲಿಯನ್ನು ಮತ್ತೆ ಒತ್ತಿದ್ದಾಯಿತು, ಬದಲಾವಣೆ ಇಲ್ಲ. ಈ ಎರಡು ಸಾಧನಗಳು ರೇಡಿಯೋ ಗದ್ದಲ ಎಬ್ಬಿಸಿ ರಿಸೀವರನ್ನು ಕಿವುಡಾಗಿಸುವುದುಂಟು. ಬೆಂಗಳೂರಿನ ಅಪಾರ್ಟ್‌ಮೆಂಟ್ ತಳಮಹಡಿಯಲ್ಲಿ ಮಾತ್ರ ಕೆಲಸ ಮಾಡದೆ ಹೊರಗೆ ಬಂದರೆ ಸರಿಹೋಗುವ ಕೀಲಿಗಳಲ್ಲಿ ಹೆಚ್ಚಾಗಿ ರೋಗ ಕೀಲಿಯದಲ್ಲ, ಗುಂಡಿ ಅಂಟಿಕೊಂಡ ಯಾರದೋ ವೈರ್‌ಲೆಸ್ ಕರೆಗಂಟೆಯದೋ ಗೇಟ್ ರಿಮೋಟಿನದೋ ಆಗಿರುತ್ತದೆ. ಅಂಥಲ್ಲಿ ಒಂದೇ ಸಲಕ್ಕೆ ನಾಲ್ಕಾರು ಕಾರಿನವರು ದೂರುತ್ತಾರೆ. ಇಲ್ಲಿ ದೂರು ಒಂದೇ ಕೀಲಿಯದು.

ಟಿವಿ ರಿಮೋಟನ್ನು ಪರೀಕ್ಷಿಸುವಂತೆ ಮೊಬೈಲ್ ಕ್ಯಾಮೆರಾ ಮುಂದೆ ಹಿಡಿದು ಬೆಳಕು ಕಾಣುತ್ತದೆಯೇ ಎಂದು ನೋಡುವವರಿದ್ದಾರೆ. ಟಿವಿಯದು ಅವಗೆಂಪು ಬೆಳಕು, ಹೆಚ್ಚಿನ ಕ್ಯಾಮೆರಾಗಳಿಗೆ ಕಾಣುತ್ತದೆ. ಇದು ರೇಡಿಯೋ ಅಲೆ, ಯಾವ ಕ್ಯಾಮೆರಾಗೂ ಕಾಣದು. ಕೀಲಿ ಮಾಡುವವರ ಬಳಿ ಇರುವ ಪುಟ್ಟ ರಿಮೋಟ್ ಟೆಸ್ಟರ್ ಇದ್ದರೆ ಆವರ್ತನವೂ ಶಕ್ತಿಯೂ ಅಂದಾಜಿಗೆ ಸಿಗುತ್ತವೆ. ಅದು ಇಲ್ಲದಿದ್ದರೆ ಎರಡನೆಯ ಕೀಲಿಯೇ ಅತ್ಯುತ್ತಮ ಉಪಕರಣ.

ಸೆಲ್ ಹೇಳಿದ ಸುಳ್ಳು

ಅಲಗನ್ನು ತೆಗೆದಾಗ ಕಾಣುವ ಸೀಳಿಗೆ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದರೆ ಚಿಪ್ಪು ಎರಡಾಗುತ್ತದೆ. ಮೀಟಬಾರದು, ತಿರುಗಿಸಬೇಕು, ಮೀಟಿದರೆ ಅಂಚಿನ ಕೊಕ್ಕೆ ಮುರಿಯುತ್ತದೆ, ಮುಂದಿನ ಮಳೆಗೆ ನೀರು ಒಳಗೆ ಬರಲು ಅದೇ ಬಾಗಿಲು. ಮಡಚುವ ಅಲಗಿನ ಹಳೆಯ ಬಗೆಯ ಕೀಲಿಯಾದರೆ ಇನ್ನೊಂದು ಎಚ್ಚರ ಬೇಕು: ಅದರಲ್ಲಿ ಟ್ರಾನ್ಸ್‌ಪಾಂಡರ್ ಬೋರ್ಡಿನ ಮೇಲಿರದೆ ಸುಮಾರು ಒಂದು ಸೆಂಟಿಮೀಟರ್ ಉದ್ದದ ಕಪ್ಪು ಚೂರಾಗಿಯೋ ಗಾಜಿನ ಕಡ್ಡಿಯಾಗಿಯೋ ಚಿಪ್ಪಿನ ಮೂಲೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಹೊಸ ಚಿಪ್ಪು ಹಾಕಿಸಿ ಹಳೆಯದನ್ನು ಕಸಕ್ಕೆ ಎಸೆದವರು ಈ ಚೂರನ್ನೂ ಎಸೆದು, ಆಮೇಲೆ ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಎಂದು ಬರುತ್ತಾರೆ.

ಒಳಗೆ ಸಿಕ್ಕ ಸೆಲ್ ನೋಡಿದರೆ ಸಿಆರ್ 2025. ಚಿಪ್ಪಿನ ಮೇಲೆ ಅಚ್ಚಾಗಿದ್ದದ್ದು ಸಿಆರ್ 2032. ಮೊದಲ ಎರಡು ಅಂಕಿ ವ್ಯಾಸ, 20 ಮಿ.ಮೀ.; ಕೊನೆಯ ಎರಡು ದಪ್ಪ, ಮಿಲಿಮೀಟರಿನ ಹತ್ತನೇ ಒಂದರ ಲೆಕ್ಕದಲ್ಲಿ. ಅಂದರೆ 3.2 ಮಿ.ಮೀ. ಇರಬೇಕಾದ ಜಾಗದಲ್ಲಿ 2.5 ಮಿ.ಮೀ. ಸೆಲ್. ವೋಲ್ಟೇಜ್ ಎರಡಕ್ಕೂ 3, ಹಾಗಾಗಿ ಅಂಗಡಿಯಲ್ಲಿ 'ಇದೂ ನಡೆಯುತ್ತೆ' ಎಂದು ಕೊಟ್ಟಿರುತ್ತಾರೆ. 0.7 ಮಿ.ಮೀ. ಸಂದು ಉಳಿದರೆ ಸ್ಪ್ರಿಂಗ್ ತಾಗಿದರೂ ಒತ್ತುವುದಿಲ್ಲ.

ಮೀಟರಿನಲ್ಲಿ ಈ ಸೆಲ್ 3.02 ವೋಲ್ಟ್ ತೋರಿಸಿತು. ಹಿಂದಿನ ಎರಡು ಸೆಲ್‌ಗಳನ್ನೂ ಮಾಲೀಕರು ಇಟ್ಟುಕೊಂಡಿದ್ದರು, ಅವು 2.84 ಮತ್ತು 2.79. ಈ ಅಂಕಿಗಳನ್ನಷ್ಟೇ ನೋಡಿದರೆ ಮೂರೂ ಬದುಕಿರುವಂತೆ ಕಾಣುತ್ತವೆ. ಲಿಥಿಯಂ ಗುಂಡಿ ಸೆಲ್‌ನ ಸ್ವಭಾವವೇ ಹಾಗೆ: ಖಾಲಿಯಾಗುತ್ತ ಬಂದಂತೆ ಅದರ ವೋಲ್ಟೇಜ್ ಹೆಚ್ಚು ಇಳಿಯುವುದಿಲ್ಲ, ಒಳಗಿನ ತಡೆ ಏರುತ್ತದೆ. ಸುಮ್ಮನೆ ಇದ್ದಾಗ ಮೂರಕ್ಕೆ ಹತ್ತಿರ, ಕೆಲಸ ಕೇಳಿದೊಡನೆ ಕುಸಿತ. ಆದ್ದರಿಂದ 100 ಓಮ್‌ನ ಒಂದು ರೆಸಿಸ್ಟರನ್ನು ಸೆಲ್‌ಗೆ ಅಡ್ಡಲಾಗಿ ಎರಡು ಸೆಕೆಂಡ್ ಹಿಡಿದು ಆಗಿನ ವೋಲ್ಟೇಜ್ ಓದಬೇಕು. ಹೊಸ 2032 ಹೀಗೆ 2.7ರ ಮೇಲೆ ನಿಲ್ಲುತ್ತದೆ. 2.5ಕ್ಕಿಂತ ಕೆಳಗೆ ಹೋಗುವ ಸೆಲ್‌ನಿಂದ ಕೈಗಡಿಯಾರ ನಡೆದೀತು, ಕೀಲಿ ನಡೆಯದು. ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಪರೀಕ್ಷೆಯೇ ಸೆಲ್ ಕುಡಿಯುತ್ತದೆ.

ಮೊದಲೆರಡು ಸೆಲ್ ಈ ಪರೀಕ್ಷೆಯಲ್ಲಿ 1.7 ಮತ್ತು 1.5ಕ್ಕೆ ಬಿದ್ದವು, ನಿಜವಾಗಿ ಸತ್ತವು. ಮೂರನೆಯದು 2.68ರಲ್ಲಿ ನಿಂತಿತು. ಅದು ಸತ್ತೇ ಇರಲಿಲ್ಲ! ಹೀಗೆ ಒಂದೇ ಲಕ್ಷಣದ ಹಿಂದೆ ಎರಡು ರೋಗ ಇರುವುದು ಮೊದಲ ಸಲ ಕಂಡಿತು. ಏನೋ ಒಂದು ಸೆಲ್‌ಗಳನ್ನು ವಾರದೊಳಗೆ ಹೀರುತ್ತಿದೆ. ಇನ್ನೊಂದು, ತುಂಬಿದ ಸೆಲ್‌ನಿಂದಲೂ ವಿದ್ಯುತ್ತನ್ನು ಬೋರ್ಡಿಗೆ ತಲುಪಲು ಬಿಡುತ್ತಿಲ್ಲ.

ಒಂದು ವೋಲ್ಟ್ ಎಲ್ಲಿ ಹೋಯಿತು

ಎರಡನೆಯದನ್ನು ಮೊದಲು ಹಿಡಿಯುವುದು ಸುಲಭ. ಹೊಸ 2032 ಹಾಕಿ, ಚಿಪ್ಪು ತೆರೆದಿಟ್ಟೇ ಬಟನ್ ಒತ್ತಿ ಹಿಡಿದು, ಎರಡು ಜಾಗದಲ್ಲಿ ಅಳೆಯಲಾಯಿತು. ಸೆಲ್‌ನ ಎರಡು ಮುಖಗಳ ನಡುವೆ 2.94. ಬೋರ್ಡಿನಲ್ಲಿ ಸ್ಪ್ರಿಂಗ್ ಬೆಸುಗೆಯಾದ ಎರಡು ಬಿಂದುಗಳ ನಡುವೆ 1.95. ಸೆಲ್ ಬಿಟ್ಟ ಒಂದು ವೋಲ್ಟ್ ಬೋರ್ಡಿಗೆ ಸೇರಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಸೆಲ್‌ನ ಋಣ ಮುಖಕ್ಕೂ ಇನ್ನೊಂದನ್ನು ಋಣ ಸ್ಪ್ರಿಂಗಿನ ಬೆಸುಗೆಗೂ ತಾಗಿಸಿದಾಗ 0.93, ಧನ ಬದಿಯಲ್ಲಿ ಹಾಗೆಯೇ ಅಳೆದರೆ 0.06. ಕಳ್ಳ ಋಣ ಸ್ಪ್ರಿಂಗ್ ತುದಿಯಲ್ಲಿದ್ದಾನೆ.

ಒತ್ತಿದಾಗ ಕೀಲಿ ಸರಾಸರಿ 12 ಮಿಲಿಆಂಪ್ ಎಳೆಯುತ್ತಿತ್ತು. 0.93ನ್ನು 0.012ರಿಂದ ಭಾಗಿಸಿದರೆ ಸುಮಾರು 78 ಓಮ್. ತಾಮ್ರದ ತಂತಿಯಂತೆ ಇರಬೇಕಾದ ಒಂದು ಸ್ಪರ್ಶಬಿಂದು 78 ಓಮ್‌ನ ಹೀಟರ್ ಆಗಿ ಕೂತಿತ್ತು. ಸಂಕೇತ ಬಿಟ್ಟುಬಿಟ್ಟು ಹೊರಡುವುದರಿಂದ ಮೀಟರ್ ತೋರಿಸುವುದು ಸರಾಸರಿ, ಕ್ಷಣಕ್ಷಣದ ನಿಜವಾದ ಕುಸಿತ ಇನ್ನೂ ಹೆಚ್ಚು. ಎರಡು ವೋಲ್ಟ್‌ಗಿಂತ ಕೆಳಗೆ ಒಳಗಿನ ಮೈಕ್ರೋಕಂಟ್ರೋಲರ್ (ಕೀಲಿಯ ಪುಟ್ಟ ಮಿದುಳು) ಕಣ್ಣು ಮುಚ್ಚಿ ಮತ್ತೆ ಮೊದಲಿಂದ ಶುರು ಮಾಡುತ್ತದೆ. ಕೆಂಪು ದೀಪ ಮಂಕಾಗಿ ಒಮ್ಮೆ ಮಿಣುಕಿ ಆರುತ್ತಿದ್ದದ್ದು ಅದಕ್ಕೇ. ದೀಪ ಮಿಣುಕಿದರೆ ಸಂಕೇತ ಹೋಗಿದೆ ಎಂದು ತಿಳಿಯುವುದು ಸರಿಯಲ್ಲ. ದೀಪಕ್ಕೆ ಬೇಕಾದದ್ದು ಒಂದಿಷ್ಟೇ, ಟ್ರಾನ್ಸ್‌ಮಿಟರ್‌ಗೆ ಬೇಕಾದದ್ದು ಬಹಳ.

ಭೂತಗನ್ನಡಿಯಲ್ಲಿ ಸ್ಪ್ರಿಂಗ್ ತುದಿಯ ಮೇಲೆ ಕಂದು ಪೊರೆ, ಅದರ ಬುಡದಲ್ಲಿ ಹಸಿರು ಹುಡಿ ಕಂಡಿತು. ಮಕ್ಕಳು ನುಂಗಬಾರದೆಂದು ಕೆಲವು ಕಂಪನಿಗಳು ಸೆಲ್ ಮೇಲೆ ಬಳಿಯುವ ಕಹಿ ಲೇಪನವೂ ಇಂಥದೇ ತೊಂದರೆ ಕೊಡುವುದುಂಟು. ಅಂಥ ಸೆಲ್‌ನ ಮುಖವನ್ನು ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿದರೆ ಸಾಕು. ಇಲ್ಲಿ ಅದಲ್ಲ, ಹಸಿರು ಬಣ್ಣವೇ ಸಾಕ್ಷಿ. ತಾಮ್ರವನ್ನು ಉಪ್ಪು ತಿಂದಿದೆ.

ನಿದ್ದೆ ಮಾಡದ ಕೀಲಿ

ಇನ್ನು ಸೆಲ್ ಹೀರುವ ರೋಗ. ಇದಕ್ಕೆ ಕೀಲಿ ಸುಮ್ಮನಿರುವಾಗ ಎಷ್ಟು ಕುಡಿಯುತ್ತದೆ ಎಂದು ಅಳೆಯಬೇಕು. ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯ ಎರಡೂ ಮುಖಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿ (ಎರಡು ಹಾಳೆ ಒಂದಕ್ಕೊಂದು ತಾಗದಂತೆ) ಸೆಲ್ ಮತ್ತು ಸ್ಪ್ರಿಂಗ್ ನಡುವೆ ತೂರಿಸಿದರೆ ಸರ್ಕ್ಯೂಟ್ ಕಡಿದು, ಮೀಟರನ್ನು ಸಾಲಿನಲ್ಲಿ ಸೇರಿಸಲು ಜಾಗ ಸಿಗುತ್ತದೆ. ಮೊದಲು ಮಿಲಿಆಂಪ್ ಶ್ರೇಣಿಯಲ್ಲೇ ಶುರು ಮಾಡಬೇಕು. ಮೈಕ್ರೋಆಂಪ್ ಶ್ರೇಣಿಯಲ್ಲಿ ಮೀಟರಿನ ಒಳ ತಡೆ ದೊಡ್ಡದು, ಕೀಲಿ ಎಚ್ಚರಗೊಂಡ ಕ್ಷಣ ವೋಲ್ಟೇಜ್ ಅಲ್ಲೇ ಬಿದ್ದು ಅಳತೆ ತಪ್ಪುತ್ತದೆ.

ಆರೋಗ್ಯವಂತ ಸ್ಮಾರ್ಟ್ ಕೀಲಿ ನಿದ್ದೆಯಲ್ಲಿ ಕೆಲವೇ ಮೈಕ್ರೋಆಂಪ್ ಕುಡಿಯುತ್ತದೆ. ಎರಡನೆಯ ಕೀಲಿ 4 ತೋರಿಸಿತು. ಕೆಟ್ಟ ಕೀಲಿ 1.4 ಮಿಲಿಆಂಪ್, ಅಂದರೆ 350 ಪಟ್ಟು. 2032 ಸೆಲ್‌ನಲ್ಲಿರುವುದು ಸುಮಾರು 220 ಮಿಲಿಆಂಪ್-ಗಂಟೆ, 1.4ರಿಂದ ಭಾಗಿಸಿದರೆ 157 ಗಂಟೆ, ಆರೂವರೆ ದಿನ. ಒಂಬತ್ತು ಮತ್ತು ಎಂಟು ದಿನದ ಲೆಕ್ಕ ಇದರ ಹತ್ತಿರವೇ ಬಂತು. ಸೋರಿಕೆ ಗಾಳಿಯ ತೇವದ ಜೊತೆ ಏರಿಳಿಯುವುದರಿಂದ ಒಂದೆರಡು ದಿನದ ವ್ಯತ್ಯಾಸ ಸಹಜ.

ಕೀಲಿಯನ್ನು ಎಚ್ಚರವಾಗಿಟ್ಟದ್ದು ಯಾರು? ಯಾವ ಬಟನ್ನೂ ಒತ್ತದೆ, ಸೆಲ್ ತೆಗೆದು, ಮೂರು ಸ್ವಿಚ್ಚುಗಳ ತಡೆ ಅಳೆಯಲಾಯಿತು. ಅನ್‌ಲಾಕ್ ಮತ್ತು ಡಿಕ್ಕಿಯ ಸ್ವಿಚ್ಚುಗಳು ಮೆಗಾಓಮ್‌ಗಳಲ್ಲಿದ್ದವು; ಲಾಕ್ ಸ್ವಿಚ್ಚು 40 ಕಿಲೋಓಮ್. ಬೋರ್ಡಿನಲ್ಲೇ ಅಳೆದಾಗ ಬೇರೆ ಭಾಗಗಳ ಹಾದಿಯೂ ಸೇರಿಕೊಳ್ಳುವುದರಿಂದ ಒಂದು ಅಂಕಿಯನ್ನು ಒಂಟಿಯಾಗಿ ನಂಬಬಾರದು, ಪಕ್ಕದ ಒಂದೇ ಬಗೆಯ ಸ್ವಿಚ್ಚಿನ ಜೊತೆ ಹೋಲಿಸಬೇಕು. ಹೋಲಿಕೆ ಇಲ್ಲಿ ಸ್ಪಷ್ಟ. ಸ್ವಿಚ್ಚಿನ ಒಳಗೆ ಮತ್ತು ಕಾಲುಗಳ ನಡುವೆ ಉಪ್ಪಿನ ತೇವ ಸೇತುವೆ ಕಟ್ಟಿತ್ತು. ಯಾರೋ ಲಾಕ್ ಬಟನ್ನನ್ನು ಅರೆಬರೆ ಒತ್ತಿ ಹಿಡಿದಂತೆ ಮೈಕ್ರೋಕಂಟ್ರೋಲರ್‌ಗೆ ಭಾಸವಾಗುತ್ತಿತ್ತು. ಸಂಕೇತ ಕಳಿಸಿಕಳಿಸಿ ಬೇಸತ್ತು ನಿಲ್ಲಿಸಿದರೂ ಅದು ನಿದ್ದೆಗೆ ಹೋಗಲಿಲ್ಲ.

ಸ್ವಿಚ್ಚು ಸರಿಯಿದ್ದೂ ಸೆಲ್ ಬೇಗ ಮುಗಿಯುತ್ತಿದ್ದರೆ ಕೀಲಿ ಮನೆಯಲ್ಲಿ ಎಲ್ಲಿ ತೂಗುತ್ತದೆ ಎಂದು ಕೇಳಬೇಕು. ಗೋಡೆಯಾಚೆ ಎರಡು ಮೀಟರ್‌ನೊಳಗೆ ಕಾರು ನಿಂತಿದ್ದರೆ, ಅಥವಾ ಟಿವಿ, ಕಂಪ್ಯೂಟರ್ ಪಕ್ಕದಲ್ಲಿ ಕೀಲಿ ಬಿದ್ದಿದ್ದರೆ ಅದರ ಕಡಿಮೆ ಆವರ್ತನದ ಕಿವಿ ಪದೇಪದೇ ಎಚ್ಚರಗೊಳ್ಳುತ್ತದೆ. ಈ ಮನೆಯಲ್ಲಿ ಕೀಲಿ ದೇವರ ಕೋಣೆಯ ಕಪಾಟಿನಲ್ಲಿರುತ್ತಿತ್ತು, ಕಾರು ಅಂಗಳದಾಚೆ. ಆ ಸಾಧ್ಯತೆ ಇಲ್ಲ.

ಮೇ ತಿಂಗಳಲ್ಲಿ ಸರಿಯಿದ್ದದ್ದು ಜೂನ್‌ನಲ್ಲಿ ಯಾಕೆ ಕೆಟ್ಟಿತು

ಕರಾವಳಿಯ ಮನೆಗಳಲ್ಲಿ ಮಳೆಗಾಲಕ್ಕೆ ಉಪ್ಪಿನ ಮರಿಗೆ ನೀರೊಡೆಯುತ್ತದೆ. ಕೀಲಿಯಲ್ಲಿ ಆದದ್ದೂ ಅದೇ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನೀರು ಆರಿದರೂ ಉಪ್ಪು ಬೋರ್ಡಿನ ಮೇಲೇ ಉಳಿಯುತ್ತದೆ. ಒಣ ಉಪ್ಪು ವಿದ್ಯುತ್ ಹರಿಸುವುದಿಲ್ಲ, ಹಾಗಾಗಿ ಮೇ ಬಿಸಿಲಿನಲ್ಲಿ ಕೀಲಿ ಗುಣವಾದಂತೆ ನಟಿಸಿತು. ಗಾಳಿಯ ತೇವ ಶೇ. 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ, ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಅದಕ್ಕೂ ಮೊದಲೇ. ಜೂನ್‌ನಲ್ಲಿ ಉಡುಪಿಯ ಗಾಳಿಗೆ ಅಷ್ಟು ತೇವ ಏನೂ ಅಲ್ಲ.

ಸೆಲ್ ಒಳಗೇ ಇದ್ದದ್ದು ಇನ್ನೊಂದು ಕೇಡು. ನೀರನ್ನು ಒಡೆಯಲು 1.23 ವೋಲ್ಟ್ ಸಾಕು, ಇಲ್ಲಿ 3 ವೋಲ್ಟ್ ನಿರಂತರ ನಿಂತಿದೆ. ಉಪ್ಪುನೀರಿನ ಹನಿಯೊಳಗೆ ಧನ ಬದಿಯ ತಾಮ್ರ, ತವರ ಕರಗಿ ಋಣ ಬದಿಗೆ ಸಾಗುತ್ತಿರುತ್ತವೆ. ಒದ್ದೆಯಾದ ಕೀಲಿಯಿಂದ ಮೊದಲ ನಿಮಿಷದಲ್ಲೇ ಸೆಲ್ ತೆಗೆದಿದ್ದರೆ ಈ ಪ್ರಕರಣ ಬಹುಶಃ ಇರುತ್ತಲೇ ಇರಲಿಲ್ಲ. ಅಕ್ಕಿ ಡಬ್ಬಿ ಇದರಲ್ಲಿ ಮಾಡಿದ ಕೆಲಸ ಸೊನ್ನೆ. ಅಕ್ಕಿ ಉಪ್ಪನ್ನು ಹೀರುವುದಿಲ್ಲ, ಬಟನ್ ಸಂದಿಗೆ ಹಿಟ್ಟಿನ ಪುಡಿಯನ್ನು ಬೇಕಾದರೆ ಸೇರಿಸುತ್ತದೆ.

ತೊಳೆದದ್ದು, ಬದಲಿಸಿದ್ದು

ಮೊಬೈಲ್ ರಿಪೇರಿಯವರ ಅಭ್ಯಾಸದಂತೆ ನೇರವಾಗಿ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಸುರಿದಿದ್ದರೆ ಕೆಲಸ ಅರ್ಧಕ್ಕೆ ನಿಲ್ಲುತ್ತಿತ್ತು. ಉಪ್ಪು ನೀರಿನಲ್ಲಿ ಕರಗುತ್ತದೆ, ಶುದ್ಧ ಐಪಿಎಯಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಆದ್ದರಿಂದ ಮೊದಲು ನೀರು: ಇನ್ವರ್ಟರ್ ಬ್ಯಾಟರಿಗೆಂದು ಮಾರುವ ಡಿಸ್ಟಿಲ್ಡ್ ವಾಟರ್. (ಅದೇ ಕಪಾಟಿನಲ್ಲಿ ಬ್ಯಾಟರಿ ಆಸಿಡ್ ಕ್ಯಾನೂ ಇರುತ್ತದೆ, ಲೇಬಲ್ ಓದಿ.) ಸೆಲ್ ತೆಗೆದ ಬೋರ್ಡನ್ನು 50 ಮಿ.ಲೀ. ನೀರಿನಲ್ಲಿ ಐದು ನಿಮಿಷ ಮುಳುಗಿಸಿಟ್ಟು, ಮೃದು ಹಲ್ಲುಜ್ಜುವ ಬ್ರಷ್‌ನಿಂದ ಸ್ವಿಚ್ಚುಗಳ ಕಾಲಿನ ಸುತ್ತ ಉಜ್ಜಿ, ನೀರು ಬದಲಿಸಿ ಮತ್ತೊಮ್ಮೆ ಅದನ್ನೇ ಮಾಡಲಾಯಿತು. ಆಮೇಲೆ ಶೇ. 99ರ ಐಪಿಎ 30 ಮಿ.ಲೀ.; ಅದರ ಕೆಲಸ ಉಪ್ಪು ತೆಗೆಯುವುದಲ್ಲ, ಸಂದುಗೊಂದಿನ ನೀರನ್ನು ಹೊರದಬ್ಬಿ ಬೇಗ ಆರುವುದು. ಬ್ರಷ್ ಆಡಿಸುವಾಗ ಸುಮಾರು ಒಂದು ಸೆಂಟಿಮೀಟರ್ ಅಗಲದ ಕಪ್ಪು ಚೌಕದಿಂದ ದೂರವಿರಬೇಕು. ಅದು ಮೂರು ದಿಕ್ಕಿನ ಕಡಿಮೆ ಆವರ್ತನದ ಸುರುಳಿ, ತಂತಿ ಕೂದಲಿಗಿಂತ ಸಣ್ಣದು, ಕಡಿದರೆ ಜೇಬಿನ ವ್ಯವಸ್ಥೆ ಶಾಶ್ವತವಾಗಿ ಹೋಯಿತು.

ವಿನೆಗರ್, ಲಿಂಬೆರಸ ಬಳಸಲಿಲ್ಲ. ಟಾರ್ಚಿನ ಕ್ಷಾರೀಯ ಸೆಲ್ ಸೋರಿದಾಗ ಅವು ಉಪಯೋಗಕ್ಕೆ ಬರುತ್ತವೆ, ಏಕೆಂದರೆ ಅಲ್ಲಿ ಕ್ಷಾರವನ್ನು ಕೊಲ್ಲಬೇಕು. ಇಲ್ಲಿ ಕ್ಷಾರವೇ ಇಲ್ಲ, ಹುಳಿ ಹಾಕಿದರೆ ತುಕ್ಕಿಗೆ ಇನ್ನೊಂದು ನೆಪ. ಋಣ ಸ್ಪ್ರಿಂಗ್ ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ಹೊಳೆಯುವವರೆಗೆ ಉಜ್ಜಲಾಯಿತು. ಉಪ್ಪುಕಾಗದ, ಅರ ಬೇಡ; ಮೇಲಿನ ನಿಕ್ಕಲ್ ಲೇಪ ಹೋದರೆ ಕೆಳಗಿನ ಲೋಹ ಮುಂದಿನ ಮಳೆಗೇ ಕಪ್ಪಾಗುತ್ತದೆ. ಬಳಿಕ ಸ್ಪ್ರಿಂಗ್ ತುದಿಯನ್ನು ಚಿಮ್ಮಟದಿಂದ ಅರ್ಧ ಮಿ.ಮೀ. ಮೇಲೆತ್ತಲಾಯಿತು.

ಫ್ಯಾನಿನಡಿ ಒಂದು ರಾತ್ರಿ ಆರಿದ ಮೇಲೆ ಅಳೆದರೆ ಸ್ಪರ್ಶದ ಕುಸಿತ 0.93ರಿಂದ 0.04ಕ್ಕೆ ಇಳಿದಿತ್ತು. ಕೀಲಿ ಬದುಕಿತು, ಬಾಗಿಲು ತೆರೆಯಿತು. ಇಲ್ಲಿ ಖುಷಿಯಿಂದ ಚಿಪ್ಪು ಮುಚ್ಚಿಬಿಡುವುದೇ ಹೆಚ್ಚಿನವರು ಮಾಡುವ ತಪ್ಪು. ನಿದ್ದೆಯ ಕರೆಂಟ್ ಇನ್ನೂ 90 ಮೈಕ್ರೋಆಂಪ್ ಇತ್ತು. ಆ ಲೆಕ್ಕದಲ್ಲಿ ಸೆಲ್ ನೂರು ದಿನಕ್ಕೆ ಖಾಲಿ, ಅದೂ ಮಳೆ ಜೋರಾಗದಿದ್ದರೆ. ಲಾಕ್ ಸ್ವಿಚ್ಚು ಈಗ 600 ಕಿಲೋಓಮ್ ತೋರಿಸುತ್ತಿತ್ತು. ಸೀಲ್ ಇಲ್ಲದ ಸ್ವಿಚ್ಚಿನ ಹೊಟ್ಟೆಯೊಳಗೆ ಹೋದ ಉಪ್ಪು ಹೊರಗಿನ ತೊಳೆತಕ್ಕೆ ಪೂರ್ತಿ ಬರುವುದಿಲ್ಲ. ಬದಲಿಸುವುದೇ ಸರಿ.

ಸ್ವಿಚ್ಚಿನ ಬೆಲೆ ಒಂದು ಚಹಾದಷ್ಟು, ಆಯ್ಕೆಯೇ ಕಷ್ಟ. ಉದ್ದ, ಅಗಲ, ಕಾಲುಗಳ ಅಂತರ ಹೊಂದಿದರೆ ಸಾಲದು, ಎತ್ತರವೂ ಹೊಂದಬೇಕು. ಅರ್ಧ ಮಿ.ಮೀ. ಹೆಚ್ಚಾದರೆ ಚಿಪ್ಪು ಮುಚ್ಚಿದೊಡನೆ ರಬ್ಬರ್ ಅದನ್ನು ಒತ್ತಿ ಹಿಡಿಯುತ್ತದೆ, ಹಳೆಯ ರೋಗ ಹೊಸ ರೂಪದಲ್ಲಿ ಬರುತ್ತದೆ; ಕಡಿಮೆಯಾದರೆ ಎಷ್ಟು ಒತ್ತಿದರೂ ತಲುಪದು. ಕ್ಯಾಲಿಪರ್‌ನಲ್ಲಿ ಹಳೆಯದನ್ನು ಅಳೆದೇ ತರಬೇಕು. ಕೀಳುವ ಮೊದಲು ಸುತ್ತಲಿನ ಭಾಗಗಳಿಗೆ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್ ಅಂಟಿಸಿ, ಬೆಸುಗೆ ಚೆನ್ನಾಗಿ ಹರಿಯಲು ಕಾಲುಗಳಿಗೆ ಫ್ಲಕ್ಸ್ ಹಚ್ಚಿ, 63/37ರ ಸೀಸದ ಬೆಸುಗೆಯನ್ನು ಸ್ವಲ್ಪ ಸೇರಿಸಲಾಯಿತು. ಕಾರ್ಖಾನೆಯ ಸೀಸರಹಿತ ಬೆಸುಗೆ ಹೆಚ್ಚು ಬಿಸಿ ಕೇಳುತ್ತದೆ. 183 ಡಿಗ್ರಿಗೆ ಕರಗುವ ಇದು ಬೆರೆತರೆ ಕೆಳಗಿನ ತಾಮ್ರದ ಹಾಳೆ ಏಳುವ ಮೊದಲೇ ಸ್ವಿಚ್ಚು ಬಿಡುತ್ತದೆ. ಬೆಸುಗೆ ಕಬ್ಬಿಣ 340 ಡಿಗ್ರಿ, ಒಂದು ಕಾಲಿಗೆ ಮೂರು ಸೆಕೆಂಡ್. ಸೆಲ್ ಒಳಗಿರುವಾಗ ಬೆಸುಗೆ ಕಬ್ಬಿಣ ಮುಟ್ಟಿಸಲೇಬಾರದು. ಹೊಸ ಸ್ವಿಚ್ಚು ಕೂತ ಮೇಲೆ ಬಿಟ್ಟಾಗ 10 ಮೆಗಾಓಮ್‌ಗಿಂತ ಮೇಲೆ, ಒತ್ತಿದಾಗ ಒಂದು ಓಮ್‌ಗಿಂತ ಕೆಳಗೆ. ನಿದ್ದೆಯ ಕರೆಂಟ್ 4 ಮೈಕ್ರೋಆಂಪ್.

ಸೋಲ್ಡರಿಂಗ್ ಬಾರದವರು ಇಷ್ಟು ಅಳತೆಗಳನ್ನು ಚೀಟಿಯಲ್ಲಿ ಬರೆದು ಮೊಬೈಲ್ ರಿಪೇರಿ ಅಂಗಡಿಗೆ ಕೊಟ್ಟರೂ ಸಾಕು. 'ಲಾಕ್ ಸ್ವಿಚ್ಚು ಸೋರುತ್ತಿದೆ, ಬದಲಿಸಿ' ಎನ್ನುವುದಕ್ಕೂ 'ಕೀಲಿ ಕೆಟ್ಟಿದೆ, ನೋಡಿ' ಎನ್ನುವುದಕ್ಕೂ ಬಿಲ್ಲಿನಲ್ಲಿ ವ್ಯತ್ಯಾಸ ಕಾಣುತ್ತದೆ. ಹೊಸ ಕೀಲಿಯೇ ಬೇಕಾಗುತ್ತಿದ್ದದ್ದು ಸ್ಟಾರ್ಟ್ ಬಟನ್ನಿಗೆ ತಾಗಿಸಿದರೂ ಎಂಜಿನ್ ಹತ್ತದಿದ್ದಾಗ, ಅಥವಾ ಬೋರ್ಡಿನ ಮೈಕ್ರೋಕಂಟ್ರೋಲರ್‌ನ ಕಾಲುಗಳೇ ಕರಗಿಹೋಗಿದ್ದಾಗ. ಆಗಲೂ ಇದ್ದ ಎಲ್ಲ ಕೀಲಿಗಳನ್ನು ಒಟ್ಟಿಗೆ ಒಯ್ಯಬೇಕು. ಅನೇಕ ಕಾರುಗಳಲ್ಲಿ ಹೊಸದನ್ನು ಸೇರಿಸುವಾಗ ಹಳೆಯ ಪಟ್ಟಿ ಅಳಿಸಿ ಎಲ್ಲವನ್ನೂ ಮತ್ತೆ ಬರೆಯುತ್ತಾರೆ, ಮನೆಯಲ್ಲಿ ಉಳಿದ ಕೀಲಿ ಹೊರಗಿನದಾಗುತ್ತದೆ. ಅಮೆರಿಕದಲ್ಲಿರುವ ನೆಂಟರ ಕೈಲಿ ಅದೇ ಮಾದರಿಯ ಕೀಲಿ ತರಿಸುವ ಯೋಚನೆಯಿದ್ದರೆ ಬಿಡಿ: ಅಲ್ಲಿನ ಬಹಳಷ್ಟು ಕೀಲಿಗಳು 315 ಮೆಗಾಹರ್ಟ್ಸ್‌ನವು, ಇಲ್ಲಿನ ಕಾರಿಗೆ ಅವುಗಳ ಮಾತು ಕೇಳಿಸುವುದೇ ಇಲ್ಲ.

ಚಿಪ್ಪಿನ ಸುತ್ತಲಿನ ರಬ್ಬರ್ ಪಟ್ಟಿ ಒಂದು ಕಡೆ ಚಪ್ಪಟೆಯಾಗಿ ಹೊರಗೆ ಜಾರಿತ್ತು. ನೀರು ನುಗ್ಗಿದ ದಾರಿ ಅದು. ಹೊಸ ಪಟ್ಟಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ ಮುಚ್ಚಲಾಯಿತು. ಗ್ರೀಸ್ ಸೆಲ್‌ನ ಮುಖಕ್ಕೆ ತಾಗಬಾರದು. ಹೊರಬಂದ ಮೂರು ಸೆಲ್‌ಗಳ ಎರಡೂ ಮುಖಕ್ಕೆ ಟೇಪ್ ಸುತ್ತಿ ಮಕ್ಕಳ ಕೈಗೆಟುಕದ ಎತ್ತರದಲ್ಲಿಟ್ಟು, ಇ-ತ್ಯಾಜ್ಯಕ್ಕೆ ಹಾಕಲು ಹೇಳಲಾಯಿತು. ಗುಂಡಿ ಸೆಲ್ ನುಂಗಿದ ಮಗುವಿನ ಅನ್ನನಾಳ ಎರಡು ಗಂಟೆಯೊಳಗೆ ಸುಡಬಲ್ಲದು, 'ಸತ್ತ' ಸೆಲ್‌ಗೂ ಆ ಶಕ್ತಿ ಉಳಿದಿರುತ್ತದೆ.

ಚಿಪ್ಪು ಮುಚ್ಚಿದ ದಿನ ಕೀಲಿ ಮೂವತ್ತು ಹೆಜ್ಜೆಗೆ ಸ್ಪಂದಿಸಿತು, ಎರಡನೆಯ ಕೀಲಿಯಷ್ಟೇ. ಹಿಂದಿನ ಸೆಲ್‌ಗಳು ಎಂಟು–ಒಂಬತ್ತು ದಿನಕ್ಕೆ ಸತ್ತಿದ್ದರಿಂದ ಹತ್ತನೆಯ ದಿನ ಮತ್ತೆ ತೆರೆದು ಅಳೆಯುವುದೆಂದು ಮೊದಲೇ ಗೊತ್ತು ಮಾಡಿಕೊಳ್ಳಲಾಗಿತ್ತು. ಆ ದಿನವೂ ಎಡೆಬಿಡದ ಮಳೆ. ನಿದ್ದೆಯ ಕರೆಂಟ್ 4 ಮೈಕ್ರೋಆಂಪ್, 100 ಓಮ್ ಹೊರೆಯಲ್ಲಿ ಸೆಲ್ 2.76 ವೋಲ್ಟ್.